ಗಾಜಿನ ಇನ್ನೊಂದು ತುದಿ

ಆಸ್ಪತ್ರೆಯ ಕೋಣೆಯ ಬಾಗಿಲು ತಳ್ಳಿ ಒಳಗೆ ಬಂದ ಅಣ್ಣ ಹೇಗಿದ್ದೀಯ ಎನ್ನಲಿಲ್ಲ, ಏನಾಯಿತು ಎನ್ನಲಿಲ್ಲ. ಮಂಚದ ಮೇಲಿದ್ದ ತಮ್ಮನ ಕಾಲುಗಳ ಕಡೆ ಒಂದು ಸಲ ನೋಡಿದ, ಗರ ಬಡಿದವನಂತೆ ಅಲ್ಲೇ ನಿಂತುಬಿಟ್ಟ. ಆಮೇಲೆ ಕೇಳಿದ, "ಇನ್ನೊಂದು ತುದಿ ಯಾರು ಹಿಡಿದಿದ್ರು?"

ಅವನ ತಲೆಗೆ ಬೇರೇನೂ ಹೊಳೆಯುವಂತಿರಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಗಾಜು ಹೊರುವವರು. ಅಂಗಡಿ ಮುಂಗಟ್ಟುಗಳ ಆಳೆತ್ತರದ ಗಾಜು, ನಿಲುವುಗನ್ನಡಿ, ಬಾಗಿಲಗಾಜು, ಇವನ್ನೆಲ್ಲ ಗೋದಾಮಿನಿಂದ ವ್ಯಾನಿಗೆ, ವ್ಯಾನಿನಿಂದ ಇಕ್ಕಟ್ಟು ಮೆಟ್ಟಿಲು ಹತ್ತಿಸಿ ಮಹಡಿಗೆ ಸಾಗಿಸುವುದು ಅವರ ಕೆಲಸ. ದೂರದ ಊರಲ್ಲಿ ದೊಡ್ಡ ಕಟ್ಟಡವೊಂದಕ್ಕೆ ಗಾಜು ಕೂರಿಸುವ ಕೆಲಸ ಸಿಕ್ಕಿದೆ ಎಂದು ಹೇಳಿ ತಮ್ಮ ಹೊರಟುಹೋಗಿದ್ದ. ಈಗ ನೋಡಿದರೆ ಆಸ್ಪತ್ರೆಯಿಂದ ಫೋನು, ಕಾಲಿಗೆ ಆಪರೇಷನ್ ಆಗಿದೆ, ಬಂದು ಕರೆದುಕೊಂಡು ಹೋಗಿ ಎಂದು. ಯಾವನೋ ಕೈಲಾಗದ ಜೊತೆಗಾರ ತನ್ನ ತುದಿ ಬಿಟ್ಟಿದ್ದಾನೆ, ಗಾಜು ಇವನ ಕಾಲ ಮೇಲೆ ಬಿದ್ದಿದೆ. ದಾರಿಯುದ್ದಕ್ಕೂ ಅಣ್ಣ ಮನಸ್ಸಿನಲ್ಲೇ ಆ ಜೊತೆಗಾರನ ಮೂಳೆ ಮುರಿಯುತ್ತಲೇ ಬಂದಿದ್ದ.

ತಮ್ಮನ ಎರಡೂ ಕಾಲಿಗೆ ಮೊಣಕಾಲಿನಿಂದ ಕೆಳಗೆ ಉಕ್ಕಿನ ಬಳೆಗಳನ್ನು ತೊಡಿಸಿದ್ದರು. ಬಳೆಯಿಂದ ಬಳೆಗೆ ಸರಳು. ಬಳೆಗೆ ಬಿಗಿದ ತಂತಿಗಳು ನೇರವಾಗಿ ಚರ್ಮದೊಳಗೆ ಹೊಕ್ಕು, ಮೂಳೆಯನ್ನು ಹಾಯ್ದು, ಆ ಕಡೆ ಹೊರಗೆ ಬಂದಿದ್ದವು. ತಂತಿ ಹೊಕ್ಕಲ್ಲೆಲ್ಲ ಹಳದಿ ಮದ್ದಿನ ಕಲೆ.

"ಯಾರೂ ಬೀಳಿಸಿಲ್ಲ ಅಣ್ಣ," ಎಂದ ತಮ್ಮ. "ನಾನೇ ಮಾಡಿಸ್ಕೊಂಡೆ."

"ಏನನ್ನ?"

"ಉದ್ದ."

ಅಣ್ಣನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಡಾಕ್ಟರಮ್ಮನೇ ಬರಬೇಕಾಯಿತು. ಆಕೆ ಕೈಯಲ್ಲಿದ್ದ ಪೆನ್ನನ್ನು ಬಿಚ್ಚಿ ತೋರಿಸುತ್ತ, ಮೂಳೆಯನ್ನು ನಡುವೆ ಕತ್ತರಿಸಿದ್ದೇವೆ, ಈ ಬಳೆಗಳ ತಿರುಪನ್ನು ದಿನಾ ಒಂಚೂರು ತಿರುಗಿಸಿದರೆ ಎರಡು ತುಂಡು ಮೆಲ್ಲಗೆ ದೂರ ಸರಿಯುತ್ತವೆ, ನಡುವಿನ ಸಂದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ, ಆಳು ಎತ್ತರವಾಗುತ್ತಾನೆ ಎಂದರು. ಎಲ್ಲೋ ಸೋರುವ ನಲ್ಲಿ ರಿಪೇರಿಯ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದರು.

"ಚೆನ್ನಾಗಿದ್ದ ಮೂಳೇನಾ?" ಎಂದು ಕೇಳಿದ ಅಣ್ಣ.

"ಹೌದು."

"ಏನೂ ಆಗಿರ್ಲಿಲ್ವಾ ಅದಕ್ಕೆ?"

"ಏನೂ ಆಗಿರ್ಲಿಲ್ಲ."

ಅಣ್ಣ ಕುರ್ಚಿ ಹುಡುಕಿ ಕೂತ. ಮುರಿದದ್ದನ್ನು ಕೂಡಿಸುವವರು ಡಾಕ್ಟರು ಎಂದು ಇಷ್ಟು ವಯಸ್ಸಿನವರೆಗೆ ನಂಬಿಕೊಂಡು ಬಂದ ಮನುಷ್ಯ. "ವಾಪಸ್ ಮಾಡೋಕೆ ಬರುತ್ತಾ?" ಎಂದ. ಡಾಕ್ಟರಮ್ಮ ತಮ್ಮನ ಕಡೆ ನೋಡಿದರು. ತಮ್ಮ ಗೋಡೆಯ ಕಡೆ ತಿರುಗಿಕೊಂಡ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇವರಿಬ್ಬರು ಅವಳಿಗಳು. ಅಣ್ಣ ಅಣ್ಣನಾದದ್ದು ತಾಯಿಯ ಹೊಟ್ಟೆಯಿಂದ ಸ್ವಲ್ಪ ಮುಂಚೆ ಹೊರಗೆ ಬಂದ ಒಂದೇ ಕಾರಣಕ್ಕೆ, ಬೇರೆ ಯಾವ ಹೆಚ್ಚುಗಾರಿಕೆಯೂ ಅವನದಲ್ಲ. ಅದೇ ಮೂಗು, ಅದೇ ಅಗಲ ಕಿವಿ, ಅದೇ ಗಿಡ್ಡ ಕಾಲು. ಗೋದಾಮಿನಲ್ಲಿ ಅವರ ಹೆಸರು ಜೋಡಿ. ಒಬ್ಬನನ್ನು ಕರೆಯಬೇಕಾದರೂ ಜೋಡಿ ಎಂದೇ ಕರೆಯುತ್ತಿದ್ದರು, ಇಬ್ಬರೂ ಬರುತ್ತಿದ್ದರು. ಗಾಜಿನ ಕೆಲಸಕ್ಕೆ ಅಂಥ ಜೋಡಿ ಸಿಗುವುದು ಪುಣ್ಯ. ಎರಡು ಭುಜ ಒಂದೇ ಎತ್ತರದಲ್ಲಿದ್ದರೆ ಗಾಜು ಮಟ್ಟವಾಗಿ ಸಾಗುತ್ತದೆ, ಭಾರ ಸಮವಾಗಿ ಹಂಚಿಹೋಗುತ್ತದೆ. ಒಬ್ಬ ಎತ್ತರವಾದರೆ ಗಾಜು ಗಿಡ್ಡನ ಕಡೆಗೆ ವಾಲುತ್ತದೆ, ಭಾರವೆಲ್ಲ ಅವನ ಮಣಿಕಟ್ಟಿಗೆ. ಅಂದರೆ ತಮ್ಮ ತನ್ನ ಕಾಲನ್ನು ಮಾತ್ರ ಕತ್ತರಿಸಿಕೊಂಡಿರಲಿಲ್ಲ. ಅಣ್ಣನಿಗೆ ಅದು ಆ ಕುರ್ಚಿಯಲ್ಲಿ ಕೂತಲ್ಲೇ ಹೊಳೆಯಿತು. ತಮ್ಮ ಮತ್ತೆ ನಡೆಯಬೇಕು, ಮತ್ತೆ ತನ್ನ ಜೊತೆ ಗಾಜು ಹಿಡಿಯಬೇಕು. ಅವನಿಗೆ ಬೇಕಾಗಿದ್ದು ಇಷ್ಟೇ. ಅದೇ ಈಗ ಅನುಮಾನಕ್ಕೆ ಬಿದ್ದಿತ್ತು.

ಮನೆಯಲ್ಲಿ ತಾಯಿ ಮಗನ ಕಾಲು ನೋಡಿ ಅಳಲಿಲ್ಲ. ಅಳುತ್ತಾಳೆಂದು ಎಲ್ಲರೂ ಕಾದಿದ್ದರು. ಆಕೆ ಮಂಚದ ಅಂಚಿನಲ್ಲಿ ಕೂತು, ಬಳೆಗಳ ನಡುವೆ ಕಾಣುತ್ತಿದ್ದ ಒಂದಿಷ್ಟು ಚರ್ಮವನ್ನು ಬೆರಳ ತುದಿಯಿಂದ ಮುಟ್ಟಿದಳು.

"ಇದು ನಿಮ್ಮಪ್ಪನ ಕಾಲು ಕಣೋ," ಎಂದಳು. "ಹಾಗೇ ಅಚ್ಚು ಹಾಕಿದ ಹಾಗಿತ್ತು. ನಾನು ಹೆತ್ತಿದ್ದು ಸಾಲದಾಯ್ತಾ ನಿನಗೆ?"

"ಅಮ್ಮ, ಹಾಗಲ್ಲ."

"ಮತ್ತೆ ಹೇಗೆ, ಹೇಳು."

ಯಾರು ಕೇಳಿದರೂ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದ. ಹುಡುಗಿ ವಿಷಯವಾ ಎಂದರೆ ಅಲ್ಲ ಎನ್ನುತ್ತಿದ್ದ. ಯಾರಾದರೂ ಆಡಿಕೊಂಡರಾ ಎಂದರೆ, ಯಾರೂ ಏನೂ ಅಂದಿಲ್ಲ ಎನ್ನುತ್ತಿದ್ದ. ದುಡಿದು ಕೂಡಿಟ್ಟಿದ್ದನ್ನೆಲ್ಲ ಆ ಬಳೆಗಳಿಗೆ ಸುರಿದಿದ್ದ. ಅದರ ಲೆಕ್ಕ ಕೇಳಿ ಇನ್ನೊಂದು ಸಲ ಎದೆ ಒಡೆದುಕೊಳ್ಳುವ ಆಸೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ತಿರುಪು ತಿರುಗಿಸುವ ಕೆಲಸ ಅತ್ತಿಗೆಯ ಪಾಲಿಗೆ ಬಂತು. ಅಣ್ಣನಿಂದ ಆಗಲಿಲ್ಲ. ಮೊದಲ ಸಲ ಪುಟ್ಟ ಸ್ಪ್ಯಾನರ್ ಹಿಡಿದು ಬಗ್ಗಿದವನು ತಮ್ಮನ ಹಲ್ಲು ಕಚ್ಚಿದ ಸದ್ದು ಕೇಳಿ ಸ್ಪ್ಯಾನರ್ ಕೆಳಗಿಟ್ಟು ಅಂಗಳಕ್ಕೆ ಹೋಗಿಬಿಟ್ಟಿದ್ದ. ಗಾಜು ತಾಗಿ ಅಂಗೈ ಸೀಳಿದಾಗ ತಾನೇ ಬಟ್ಟೆ ಕಟ್ಟಿಕೊಂಡು ಕೆಲಸ ಮುಂದುವರಿಸಿದ ಗಂಡಸು ಇವನು. ಅತ್ತಿಗೆ ಚೌಕಟ್ಟಿನ ಅಂಗಡಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವವಳು, ಸಣ್ಣ ಮೊಳೆ, ಸಣ್ಣ ತಿರುಪು ಎಂದರೆ ಅವಳ ಕೈ ಅಲುಗುವುದಿಲ್ಲ.

"ಮೈದುನನ ಕಾಲೆಳೆಯೋದು ಅತ್ತಿಗೆಯ ಹಕ್ಕು," ಎನ್ನುತ್ತಿದ್ದಳು. "ಆದ್ರೆ ಹೀಗೆ ಸ್ಪ್ಯಾನರ್ ಹಾಕಿ ಎಳೀಬೇಕಾಗುತ್ತೆ ಅಂತ ಮದುವೆಯಾಗೋವಾಗ ಯಾರೂ ಹೇಳಿರ್ಲಿಲ್ಲ."

ತಮ್ಮ ನಗುತ್ತಿದ್ದ, ನಗುತ್ತಲೇ ಕಣ್ಣಲ್ಲಿ ನೀರು. ಮಾಂಸಖಂಡಗಳು ಮೂಳೆಯಷ್ಟು ಬೇಗ ಉದ್ದವಾಗಲು ಒಪ್ಪುವುದಿಲ್ಲವಂತೆ. ಪಾದ ಕೆಳಕ್ಕೆ ಬಾಗಿ ನಿಲ್ಲುತ್ತಿತ್ತು, ಅದನ್ನು ಟವೆಲ್ ಹಾಕಿ ಮೇಲಕ್ಕೆ ಎಳೆಯಬೇಕು. ತಂತಿ ಹೊಕ್ಕ ಕಡೆಯೆಲ್ಲ ಬಿಸಿನೀರಿನ ಹತ್ತಿಯಿಂದ ಒರೆಸಬೇಕು, ಇಲ್ಲದಿದ್ದರೆ ಕೀವು. ಮಗ್ಗುಲಾದರೆ ಉಕ್ಕಿಗೆ ಉಕ್ಕು ತಾಗಿ ಕಟಕಟ ಎನ್ನುತ್ತಿತ್ತು. ಗೋಡೆಯ ಆ ಕಡೆ ಮಲಗಿದ್ದ ಅಣ್ಣನಿಗೆ ಆ ಸದ್ದು ಕೇಳುತ್ತಿತ್ತು. ಹಗಲು ಗೋದಾಮಿನಲ್ಲಿ ಅವನಿಗೆ ಹೊಸ ಜೊತೆಗಾರನನ್ನು ಹಾಕಿದ್ದರು, ಕೊಕ್ಕರೆಯಂಥ ಉದ್ದನೆಯ ಮನುಷ್ಯ. ಗಾಜು ದಿನಾ ಅಣ್ಣನ ಕಡೆಗೇ ವಾಲುತ್ತಿತ್ತು. ಸಂಜೆ ಮಣಿಕಟ್ಟು ಊದಿಕೊಂಡು ಬಂದರೆ ಹೆಂಡತಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಇವನ ಮಣಿಕಟ್ಟು ತಿಕ್ಕಿದ ಮೇಲೆ ಅವನ ತಿರುಪು ತಿರುಗಿಸಬೇಕು, ನಿಮ್ಮ ವಂಶಕ್ಕೇ ನಾನು ಮೆಕ್ಯಾನಿಕ್ಕು ಎಂದು ಗೊಣಗುತ್ತಿದ್ದಳು.

ಹೀಗೇ ಕಳೆದು ತಮ್ಮ ಎದ್ದು ನಿಲ್ಲುವ ಕಾಲ ಬಂತು. ಬಳೆಗಳಿದ್ದಂತೆಯೇ ನಾಲ್ಕು ಕಾಲಿನ ವಾಕರ್ ಹಿಡಿದು ಮೆಲ್ಲಗೆ ಹೆಜ್ಜೆ ಹಾಕಿಸಿ, ಭಾರ ಬಿದ್ದರೇ ಹೊಸ ಮೂಳೆ ಗಟ್ಟಿಯಾಗುವುದು ಎಂದಿದ್ದರು ಡಾಕ್ಟರಮ್ಮ. ಆಳು ಬಿದ್ದರೆ ಮಾತ್ರ ಕಷ್ಟ, ಅದಿನ್ನೂ ಹಸಿಮೂಳೆ ಎಂದೂ ಹೇಳಿದ್ದರು. ರಜೆಯ ದಿನ ನಡುಮನೆಯ ಚಾಪೆಗಳನ್ನೆಲ್ಲ ಸುತ್ತಿಟ್ಟು ನೆಲ ಒರೆಸಿ ಒಣಗಿಸಿದರು. ತಮ್ಮ ವಾಕರ್ ಹಿಡಿದು ಎದ್ದ. ಅಣ್ಣ ತಲೆ ಎತ್ತಿ ನೋಡಬೇಕಾಯಿತು. ತನ್ನದೇ ಮುಖವನ್ನು ಕೆಳಗಿನಿಂದ ನೋಡಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಗದ್ದದ ಅಡಿಯಲ್ಲಿ ತನಗೂ ಇಂಥ ಮಡಿಕೆ ಇದೆಯೇನೋ ಎನಿಸಿ ಕಕ್ಕಾಬಿಕ್ಕಿಯಾದ.

ಒಂದಷ್ಟು ಹೆಜ್ಜೆ ಚೆನ್ನಾಗಿಯೇ ಆಯಿತು. ತಾಯಿಯ ಮುಖ ಅರಳಿತು. ತಮ್ಮ ಹುರುಪಿನಲ್ಲಿ, "ವಾಕರ್ ತೆಗಿ ಅಣ್ಣ, ನಿನ್ನ ಕೈ ಹಿಡ್ಕೊಂಡು ಬರ್ತೀನಿ," ಎಂದ. ಅಣ್ಣ ವಾಕರ್ ಸರಿಸಿ ಎದುರಿಗೆ ನಿಂತು ಅವನ ಎರಡೂ ಮೊಣಕೈಗಳನ್ನು ಹಿಡಿದು ಹಿಂದಹಿಂದಕ್ಕೆ ಹೆಜ್ಜೆ ಇಡತೊಡಗಿದ. ಬಾಗಿಲ ಹತ್ತಿರ ಬಂದಾಗ ತಮ್ಮನ ಬಲಗಾಲು ಒಳಕ್ಕೆ ಮಡಿಚಿಕೊಂಡಿತು. ಮೈಭಾರವೆಲ್ಲ ಒಮ್ಮೆಲೇ ಮುಂದಕ್ಕೆ ಬಂತು.

ಅಣ್ಣ ಕೈ ಬಿಟ್ಟ. ಎರಡೂ ಕೈಗಳನ್ನು ಅಗಲಿಸಿ, ಛಂಗನೆ ಹಿಂದಕ್ಕೆ ಹಾರಿ ನಿಂತ. ತಮ್ಮ ಅವನ ಕಾಲ ಮುಂದೆ ಉಕ್ಕು ಸಮೇತ ನೆಲಕ್ಕೆ ಅಪ್ಪಳಿಸಿದ.

ಓದುವವರು ಅವನನ್ನು ಬೈಯುವ ಮೊದಲು ಒಂದು ಮಾತು ಕೇಳಬೇಕು. ಗಾಜು ಹೊರುವವರ ಮೊದಲ ಪಾಠವೇ ಇದು. ಬೀಳುವ ಗಾಜನ್ನು ಹಿಡಿಯಬಾರದು. ಕೈ ತಪ್ಪಿತು ಎಂದು ಗೊತ್ತಾದ ತಕ್ಷಣ ಪೂರ್ತಿ ಬಿಟ್ಟು ಹಿಂದೆ ಸರಿಯಬೇಕು, ಹಿಡಿಯಲು ಹೋದವನ ಕೈ ಅಲ್ಲೇ ಹೋಗುತ್ತದೆ. ಇವರ ಅಪ್ಪನೂ ಇದೇ ಕಸುಬಿನವನು. ಮಕ್ಕಳು ಚಿಕ್ಕವರಿದ್ದಾಗ ಊಟಕ್ಕೆ ಕೂತಲ್ಲಿ, ಆಟಕ್ಕೆ ಕೂತಲ್ಲಿ, ಹೇಳದೆ ಕೇಳದೆ ಒಂದು ಹಲಗೆ ತುಂಡು ಬೀಳಿಸುತ್ತಿದ್ದ. ಹಿಡಿಯಲು ಕೈ ಚಾಚಿದವನಿಗೆ ತಲೆಗೊಂದು ಏಟು. ಹಾಗೆ ಕಲಿತ ಮೈ ಇದು, ಯೋಚನೆ ಮಾಡುವುದಿಲ್ಲ. ಮನೆಯಲ್ಲಿ ಲೋಟ ಜಾರಿದರೂ ಅಣ್ಣ ಅದನ್ನು ಹಿಡಿದವನಲ್ಲ, ಹೆಂಡತಿ ಎಷ್ಟು ಲೋಟಕ್ಕೆ ಬೈದಿದ್ದಾಳೋ ಅವಳಿಗೇ ಗೊತ್ತು.

ಆದರೆ ಆ ಹೊತ್ತಿಗೆ ಇದನ್ನೆಲ್ಲ ಹೇಳುವವರು ಯಾರು, ಕೇಳುವವರು ಯಾರು? ತಾಯಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಹೆಂಡತಿ ನೆಲದ ಮೇಲಿದ್ದ ಮೈದುನನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಅಣ್ಣ ಅಗಲಿಸಿದ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದ, ಅವು ಯಾರದೋ ಕೈಗಳು ಎಂಬಂತೆ. ನೆಲದಿಂದ ತಮ್ಮನೇ ಮಾತಾಡಿದ. "ಅಮ್ಮ, ಬೈಬೇಡ ಅವನನ್ನ. ನಾನಾಗಿದ್ರೂ ಬಿಡ್ತಿದ್ದೆ." ಅಷ್ಟು ಹೇಳಿ ಪ್ರಜ್ಞೆ ತಪ್ಪಿದ.

ಬಾಡಿಗೆ ಕಾರಿನಲ್ಲಿ ಅದೇ ಆಸ್ಪತ್ರೆಗೆ ಒಯ್ದರು. ಅಲ್ಲಿ ಎಕ್ಸ್‌ರೇ ತೆಗೆದು, ನೋವಿಗೆ ಇಂಜೆಕ್ಷನ್ ಕೊಟ್ಟು, ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ಕಾಯಲು ಹೇಳಿದರು. ಅತ್ತಿಗೆ ಮದ್ದು ತರಲು ಹೋದಳು. ಉದ್ದನೆಯ ಓಣಿಯಂಥ ಆ ಜಾಗದಲ್ಲಿ ಅಣ್ಣತಮ್ಮಂದಿರಿಬ್ಬರೇ. ಅಣ್ಣ ಬೆಂಚಿನ ಮೇಲೆ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಯಾಕೆ ಮಾಡಿಸ್ಕೊಂಡೆ ಅಂತ ಕೇಳ್ತಿದ್ಯಲ್ಲ," ಎಂದ ತಮ್ಮ, ಇಂಜೆಕ್ಷನ್ನಿನ ಮಂಪರಿನಲ್ಲಿ. "ಗಾಜು ಹಿಡಿದಾಗ ಯಾವಾಗ್ಲೂ ನೀನು ಮುಂದೆ, ನಾನು ಹಿಂದೆ. ಅಣ್ಣ ಅಲ್ವಾ ನೀನು. ನೀನು ಮುಂದೆ ರಸ್ತೆ ನೋಡ್ಕೊಂಡು ಹೋಗ್ತೀಯ. ನಾನು ಏನು ನೋಡ್ತೀನಿ ಹೇಳು."

"ಏನು?"

"ನಿನ್ನನ್ನ. ಗಾಜಿನೊಳಗಿಂದ ದಿನಾ ನಿನ್ನ ಬೆನ್ನು ನೋಡ್ತೀನಿ. ಜನ ನಿನ್ನ ತಲೆ ಮೇಲಿಂದ ಮಾತಾಡ್ತಾರೆ. ಮೆಟ್ಟಿಲ ಮೇಲೆ ನಿಂತವರು ನಿನ್ನ ನೋಡಿ ಒಬ್ಬರಿಗೊಬ್ಬರು ಕಣ್ಣು ಹೊಡೀತಾರೆ. ನೀನು ಪುಟುಪುಟು ಅಂತ ನಡೀತಿರ್ತೀಯ, ನಿನಗೆ ಏನೂ ಗೊತ್ತಿಲ್ಲ. ಗೊತ್ತಿಲ್ದೆ ನೀನು ಖುಷಿಯಾಗಿದೀಯ. ನನಗೆ ಆ ಸುಖ ಇಲ್ಲ ಅಣ್ಣ. ನಾನು ಹೇಗೆ ಕಾಣ್ತೀನಿ ಅನ್ನೋದು ನನ್ನ ಮುಂದೇನೇ ನಡ್ಕೊಂಡು ಹೋಗ್ತಿತ್ತು."

ಅಣ್ಣನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ತನ್ನ ಬೆನ್ನಿಗೆ ಅಷ್ಟು ವರ್ಷ ಎರಡು ಕಣ್ಣು ನೆಟ್ಟಿದ್ದವು, ಆ ಕಣ್ಣುಗಳಿಗೆ ತಾನು ನಾಚಿಕೆಯ ವಸ್ತು. ಕಣ್ಣು ಹೊಡೆದವರು ಹಾಳಾಗಿ ಹೋಗಲಿ, ತಮ್ಮ ನೋಡಿದ್ದನ್ನು ಹೇಗೆ ಮರೆಯುವುದು? ಸಿಟ್ಟು ನೆತ್ತಿಗೇರಿತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಡಾಕ್ಟರಮ್ಮ ಎಕ್ಸ್‌ರೇ ಹಾಳೆ ಹಿಡಿದು ಬಂದರು.

ಮೂಳೆ ಮುರಿದಿರಲಿಲ್ಲ. ಬಲಗಾಲಿನ ಹಸಿಮೂಳೆ ಸ್ವಲ್ಪ ಜಗ್ಗಿತ್ತು. ಈಗ ಎರಡು ದಾರಿ ಇವೆ ಎಂದರು ಆಕೆ. ಇಷ್ಟಕ್ಕೇ ನಿಲ್ಲಿಸಿ, ಇರುವ ಉದ್ದದಲ್ಲೇ ಗಟ್ಟಿಯಾಗಲು ಬಿಡಬಹುದು, ಆದರೆ ಅದು ನಿಧಾನ, ಮತ್ತು ಮುಂದೆ ಭಾರ ಹೊರುವ ಕೆಲಸ ಬಿಡಬೇಕಾಗುತ್ತದೆ. ಇಲ್ಲವೇ ಎರಡೂ ಕಾಲಿನ ತಿರುಪನ್ನು ಹಿಂದಕ್ಕೆ ತಿರುಗಿಸುತ್ತ ಮೂಳೆಯನ್ನು ಮೊದಲಿನ ಉದ್ದಕ್ಕೇ ತಂದು ಕೂಡಿಸಬಹುದು. ಹಾಗೆ ಮಾಡಿದರೆ ಬೇಗ ಗಟ್ಟಿಯಾಗುತ್ತದೆ, ಹಳೆ ಕೆಲಸವನ್ನೂ ಮಾಡಬಹುದು.

ಅಣ್ಣನ ಎದೆ ಹಿಗ್ಗಿತು. ಅವನು ಹಿಗ್ಗಬೇಕೆಂದು ಹಿಗ್ಗಲಿಲ್ಲ, ಅದು ತಾನಾಗಿ ಆಯಿತು. ಮೊದಲಿನ ಉದ್ದ. ಮೊದಲಿನ ಭುಜ. ಮಟ್ಟವಾದ ಗಾಜು. ಎಷ್ಟೋ ದಿನಗಳಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾದದ್ದು ಅವನಿಗೇ ತಿಳಿಯಿತು. ತಲೆ ಎತ್ತಿದರೆ ತಮ್ಮ ಅವನನ್ನೇ ನೋಡುತ್ತಿದ್ದ. ಮಂಪರು ಪೂರ್ತಿ ಇಳಿದುಹೋಗಿತ್ತು.

ಡಾಕ್ಟರಮ್ಮ ಯೋಚಿಸಿ ಹೇಳಿ ಎಂದು ಆ ಕಡೆ ಹೋದ ಮೇಲೆ ತಮ್ಮ ಮೆಲ್ಲಗೆ ಕೇಳಿದ, "ಅಣ್ಣ, ನಿಜ ಹೇಳು. ಮನೇಲಿ ಬಿಟ್ಟಿದ್ದು ನಿನ್ನ ಕೈನಾ, ನೀನಾ?"

"ಏನು ಮಾತು ಅಂತ ಆಡ್ತೀಯೋ."

"ನಿನ್ನ ಮುಖ ಓದೋಕೆ ನನಗೆ ಬರಲ್ವಾ? ಅದು ನನ್ನದೇ ಮುಖ."

ಅಣ್ಣನಿಗೆ ಕೈಯೇ ಎಂದು ಹೇಳಬೇಕಿತ್ತು. ಕೈಯೇ ಎಂದು ಆಣೆ ಮಾಡಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಈಗಷ್ಟೇ ಎದೆಯೊಳಗೆ ಎದ್ದ ಆ ಖುಷಿ ಎಲ್ಲಿಂದ ಬಂತು, ಅದು ಯಾವಾಗಿನಿಂದ ಒಳಗೆ ಕೂತಿತ್ತು? ತಮ್ಮನ ಕಾಲು ಮಡಿಚಿಕೊಂಡ ಆ ಗಳಿಗೆಯಲ್ಲೂ ಅದು ಒಳಗೇ ಇತ್ತೇ? ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ತಮ್ಮ ತನ್ನ ಕಾಲು ಕತ್ತರಿಸಿಕೊಂಡ ಎಂದು ಕೇಳಿದಾಗಲೂ ಅವನು ಇಷ್ಟು ಹೌಹಾರಿರಲಿಲ್ಲ.

"ಗೊತ್ತಿಲ್ಲ ಕಣೋ," ಎಂದ ಕೊನೆಗೆ. "ಕೈ ಅಂತಾನೇ ಅನ್ಕೊಂಡಿದ್ದೆ. ಈಗ ಗೊತ್ತಿಲ್ಲ."

ತಮ್ಮ ತಲೆಯಾಡಿಸಿದ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಡಾಕ್ಟರಮ್ಮ ಮತ್ತೆ ಈ ಕಡೆ ಬಂದಾಗ, "ಹಿಂದಕ್ಕೆ ಬೇಡ. ಇಷ್ಟಕ್ಕೇ ನಿಲ್ಲಿಸಿ," ಎಂದ. ಅಣ್ಣನ ಕಡೆ ತಿರುಗದೆ ಹೇಳಿದ. ಗಾಜಿನ ಜೋಡಿ ಅಲ್ಲಿಗೆ ಮುಗಿಯಿತು.

ಬಾಡಿಗೆ ಕಾರು ಆಸ್ಪತ್ರೆಯ ಇಳಿಜಾರಿನ ಕೆಳಗೆ ನಿಂತಿತ್ತು. ಅತ್ತಿಗೆ ಕಾರಿನ ಹಿಂದಿನ ಸೀಟಿನಲ್ಲಿ ದಿಂಬುಗಳನ್ನು ಜೋಡಿಸುತ್ತಿದ್ದಳು. ಗಾಲಿಕುರ್ಚಿಯಿಂದ ಎಬ್ಬಿಸಿ ಕಾರಿಗೆ ಹತ್ತಿಸಲು ಆಸ್ಪತ್ರೆಯ ಆಳೊಬ್ಬ ಜೊತೆಗೆ ಬಂದಿದ್ದ. ಅಣ್ಣ ಹತ್ತಿರ ಹೋಗಲು ಹಿಂಜರಿದು ದೂರವೇ ನಿಂತಿದ್ದ. ತಮ್ಮ ಅವನನ್ನು ನೋಡಿದ.

"ಬಾ, ಹಿಡ್ಕೋ," ಎಂದ.

ಅಣ್ಣ ಬಂದು ತಮ್ಮನ ಕಂಕುಳಡಿ ಕೈ ಹಾಕಿ ಎತ್ತಿದ. ತಮ್ಮ ಎದ್ದು ನಿಂತ, ಒಂದು ಹೆಜ್ಜೆ ಇಟ್ಟ. ಇಳಿಜಾರಿನಲ್ಲಿ ಉಕ್ಕಿನ ಬಳೆ ಕುರ್ಚಿಯ ಗಾಲಿಗೆ ಸಿಕ್ಕಿಕೊಂಡಿತು, ಅವನ ಭಾರವೆಲ್ಲ ಮತ್ತೆ ಮುಂದಕ್ಕೆ ಬಂತು. ಅಣ್ಣನ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಅದು ಅವನಿಗೆ ಕಾಣಿಸಿತು, ಈ ಸಲ ಕಣ್ಣಾರೆ ಕಾಣಿಸಿತು. ಹಿಂದಕ್ಕೆ ಹಾರಲು ಕಾಲು ಸಜ್ಜಾಗಿತ್ತು. ಅವನು ಹಲ್ಲು ಕಚ್ಚಿ ಆ ಬೆರಳುಗಳನ್ನು ಮುಚ್ಚಿದ, ತಮ್ಮನನ್ನು ಬಾಚಿ ತಬ್ಬಿಕೊಂಡ. ಇಬ್ಬರೂ ಹೋಗಿ ಕಾರಿನ ಬಾಗಿಲಿಗೆ ಬಡಿದರು. ಬೆನ್ನಿಗೆ ಕಬ್ಬಿಣ ತಾಗಿ ಅಣ್ಣನ ಉಸಿರು ನಿಂತಂತಾಯಿತು. ಮೊದಲೆಲ್ಲ ಅಪ್ಪಿಕೊಂಡರೆ ಕಿವಿಗೆ ಕಿವಿ ತಾಗುತ್ತಿತ್ತು. ಈಗ ಅವನ ಹಣೆ ತಮ್ಮನ ಗದ್ದಕ್ಕೆ ತಾಗಿತ್ತು.

ಆಸ್ಪತ್ರೆಯ ಆಳು ಓಡಿಬಂದು ತಮ್ಮನ ಸೊಂಟಕ್ಕೆ ಕೈ ಕೊಟ್ಟ. "ನಾನು ಹಿಡ್ಕೊಂಡಿದ್ದೀನಿ ಯಜಮಾನ್ರೇ, ನೀವಿನ್ನು ಬಿಡಿ," ಎಂದ.

ಅಣ್ಣ ಬಿಡಲಿಲ್ಲ.

"ಬಿದ್ದಿಲ್ಲ ರೀ ಅವನು, ಬಿಡಿ," ಎಂದಳು ಹೆಂಡತಿ.

"ಬಿಡೋ ಅಣ್ಣ," ಎಂದ ತಮ್ಮ, "ಉಸಿರು ಕಟ್ತಿದೆ."

ಅಣ್ಣ ಆಗಲೂ ಬಿಡಲಿಲ್ಲ.